ಸ್ಟ್ರೆಸ್ ಅಂದರೆ ಚಿಂತೆಯಲ್ಲ

ನಾಸಿಕ್‌ನ ಅಂಬಡ್‌ನಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆದಾಗ, ಕನ್ನಡ ಬಲ್ಲವನೆಂದು ಬ್ಯಾಂಕಿನವನಾದ ನನ್ನನ್ನು ದುಭಾಷಿಯಾಗಿ ಕೂರಿಸಿದ್ದರು. ವಿಜಯಪುರ ಕಡೆಯಿಂದ ಅಲ್ಲಿನ ಹೊಸ ಆಸ್ಪತ್ರೆಯ ಗಾರೆ ಕೆಲಸಕ್ಕೆ ಬಂದ ಶಾಂತವ್ವನ ಕಣ್ಣಿಗೆ ಪೊರೆ ಬಂದಿತ್ತು.

"ಆಕ್ಸಿಡೇಟಿವ್ ಸ್ಟ್ರೆಸ್," ಅಂದರು ಡಾಕ್ಟರು.

"ಚಿಂತಿ ಹೆಚ್ಚಾಗೇತಂತ್ರಿ," ಅಂದೆ ನಾನು.

"ಚಿಂತಿ ಮಾಡಾಕ ನನಗ ಪುರುಸೊತ್ತೆಲ್ಲೈತ್ರಿ?"

ಅದನ್ನು ಹಿಂದಿಯಲ್ಲಿ ಹೇಳಿದಾಗ ಡಾಕ್ಟರು ನಕ್ಕು ನನ್ನನ್ನು ತಿದ್ದಿದರು. ವಯಸ್ಸು, ಬಿಸಿಲು, ಹೊಗೆ ಸೇರಿ, ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕಣ್ಣು ಕೆಡುತ್ತದಂತೆ. ಆಪರೇಷನ್ ಮಾಡೋಣ, ಆಮೇಲೆ ನೆರಳಲ್ಲೇ ಇರಲಿ ಎಂದರು.

"ನಾ ನೆರಳಾಗ ಕುಂತ್ರ ನಿಮ್ಮ ಹೊಸಾ ದವಾಖಾನಿ ಕಟ್ಟಾವ್ರು ಯಾರ್ರಿ?"

ಡಾಕ್ಟರು ಆಪರೇಷನ್ನಿನ ಪಟ್ಟಿಯಲ್ಲಿ ಅವರ ಹೆಸರು ಬರೆದುಕೊಂಡರು.

ಪಟ್ಟಿ ಬಿಚ್ಚಿದ ದಿನ ಶಾಂತವ್ವ ನನ್ನನ್ನು ಕಣ್ತುಂಬ ನೋಡಿದರು. "ದನಿ ಕೇಳಿ ಹರೇದಾವ್ರು ಅನ್ಕೊಂಡಿದ್ನ್ರಿ ಸಾಹೇಬ್ರ. ನಿಮಗೂ ತುಕ್ಕು ಹಿಡದೈತಿ, ಒಮ್ಮಿ ತೋರಿಸ್ಕೋರಿ."

ಆ ಡಾಕ್ಟರು ಇಷ್ಟು ಚೆನ್ನಾಗಿ ಆಪರೇಷನ್ ಮಾಡಬಾರದಿತ್ತು.