ಮಾವನವರ ಪುಡಿಯಲ್ಲಿ ಸಿಕ್ಕಿದ್ದು

ಕೋಲ್ಕತ್ತದ ಪ್ರಯೋಗಾಲಯವೊಂದರಲ್ಲಿ ಔಷಧಿ ಸಸ್ಯಗಳ ಸಾರ ತೆಗೆದು ಪರೀಕ್ಷಿಸುವುದು ನನ್ನ ಕೆಲಸ. ಗಂಡನಿಗೆ ಬಂದರಿನಲ್ಲಿ ನೌಕರಿ. ಮನೆ ಖಿದಿರ್‌ಪುರದ ಕ್ವಾರ್ಟರ್ಸ್‌ನಲ್ಲಿ. ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದ ಮಾವನವರಿಗೆ ಸಕ್ಕರೆ ಕಾಯಿಲೆ. ಡಾಕ್ಟರ ಮಾತ್ರೆಯ ಜೊತೆಗೆ ಅವರು ಬಜಾರದಿಂದ ಯಾವುದೋ ಗಿಡಮೂಲಿಕೆ ಪುಡಿ ತಂದು ಶುರುಮಾಡಿದರು. ಆಮೇಲೆ ಎರಡು ಸಲ, ಸಕ್ಕರೆ ತೀರಾ ಇಳಿದವರ ಹಾಗೆ, ಬೆವರಿ ನಡುಗಿದರು.

“ಬರೇ ಗಿಡದ ಪುಡಿ ಐತಿ, ಯವ್ವಾ. ಏನೂ ಆಗೂದಿಲ್ಲ,” ಅಂದರು.

ನನಗೆ ಸಮಾಧಾನವಾಗಲಿಲ್ಲ. ಒಂದು ಚಮಚ ಪುಡಿ ಕಾಗದದಲ್ಲಿ ಕಟ್ಟಿಕೊಂಡು ಲ್ಯಾಬಿಗೆ ಹೋದೆ. ಸಿಲಿಕಾ ಬಳಿದ ಪ್ಲೇಟಿನ ಮೇಲೆ ಅದರ ಸಾರದ ಒಂದು ಚುಕ್ಕಿ, ಪಕ್ಕದಲ್ಲಿ ಸಕ್ಕರೆ ಇಳಿಸುವ ಮಾತ್ರೆಯೊಂದರದು. ದ್ರಾವಕ ಇರುವೆಯ ಹಾಗೆ ಮೇಲೇರುವುದನ್ನು ನೋಡುತ್ತ ನಿಂತೆ. ನೇರಳಾತೀತ ದೀಪದ ಕೆಳಗೆ ಹಿಡಿದರೆ ಎರಡೂ ಕಡೆ ಒಂದೇ ಎತ್ತರದಲ್ಲಿ ಕಪ್ಪು ಕಲೆ.

ಲ್ಯಾಬಿನ ಮುಖ್ಯಸ್ಥೆ ಮೇಡಂ ಕನ್ನಡಕ ಏರಿಸಿ ನೋಡಿದರು. “ಎತ್ತರ ಒಂದೇ ಅಂದಮಾತ್ರಕ್ಕೆ ವಸ್ತು ಒಂದೇ ಅನ್ನಲಾಗದು. ಇನ್ನೊಂದು ದ್ರಾವಕದಲ್ಲಿ ಮಾಡು. ಮೊದಲು ಮನೆಗೆ ಫೋನ್ ಮಾಡು.”

ನಾಲ್ಕು ಸಲ ಮಾಡಿದೆ. ಯಾರೂ ಎತ್ತಲಿಲ್ಲ.

ಕ್ಯಾಬ್ ಕಂಟೇನರ್ ಲಾರಿಗಳ ಹಿಂದೆ ಸಿಕ್ಕಿಕೊಂಡಿತು. ಇಳಿದು ಓಡಿದೆ. ಕೀಲಿ ತಿರುಗಿಸಿ ಒಳಗೆ ನುಗ್ಗಿದೆ. ಮಾವನವರು ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ಅಂಗಿ ಒದ್ದೆ, ನೋಟ ಎಲ್ಲೋ.

“ಮಾವಾರ, ನಾನು! ಕೇಳಸ್ತದೇನು?”

ತಲೆ ಆಡಿಸಿದರು. ನೀರಿಗೆ ಸಕ್ಕರೆ ಕದಡಿ ತುಟಿಗೆ ಹಿಡಿದೆ. ಗುಟುಕು ಇಳಿಯಿತು, ಮತ್ತೊಂದು ಇಳಿಯಿತು. ತುಸು ಹೊತ್ತಿಗೆ, “ಯಾಕ ಅಳಾಕತ್ತಿ?” ಎಂದು ಕೇಳಿದರು. ಅಳುತ್ತಿರುವುದು ನನಗೇ ಗೊತ್ತಿರಲಿಲ್ಲ.

ಗಂಡ ಬಂದ ಮೇಲೆ ಆಸ್ಪತ್ರೆಗೆ ಕರೆದೊಯ್ದೆವು. ಸಕ್ಕರೆ ಮತ್ತೆ ಇಳಿಯಬಹುದೆಂದು ಎರಡು ದಿನ ಅಲ್ಲೇ ಇಟ್ಟುಕೊಂಡರು.

ಬೇರೆ ದ್ರಾವಕದ ಎರಡನೆಯ ಪ್ಲೇಟಿನಲ್ಲೂ ಎರಡು ಕಲೆಗಳು ಒಂದೇ ಎತ್ತರಕ್ಕೆ ಬಂದವು. ವಸ್ತು ಯಾವುದೆಂದು ಗುರುತಿಸುವ ಯಂತ್ರವೂ ಅದನ್ನೇ ಹೇಳಿತು. ಪುಡಿ ಮಾಡಿ ಮಾರುವವರು ಅದಕ್ಕೆ ಸಕ್ಕರೆ ಇಳಿಸುವ ಮಾತ್ರೆ ಅರೆದು ಬೆರೆಸಿದ್ದರು. ದಿನವೂ ಎರಡು ಪಟ್ಟು ಔಷಧಿ ಮಾವನವರ ಮೈ ಸೇರುತ್ತಿತ್ತು. ವರದಿ ಜೋಡಿಸಿ ಔಷಧ ನಿಯಂತ್ರಣ ಕಚೇರಿಗೆ ದೂರು ಕೊಟ್ಟೆವು. ಕಚೇರಿಯವರು ಬಂದು ಅಂಗಡಿಯಲ್ಲಿದ್ದ ಪೊಟ್ಟಣಗಳನ್ನೆಲ್ಲ ಜಪ್ತಿ ಮಾಡಿಕೊಂಡು ಹೋದರು.

ಮಾವನವರು ಕೆಲ ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಒಂದು ಸಂಜೆ ಚಹಾ ಕುಡಿಯುತ್ತ ಮೆಲ್ಲಗೆ ಕೇಳಿದರು:

“ಅದರಾಗ ಗಿಡ ಅನ್ನೂದು ಇತ್ತೋ ಇಲ್ಲೋ?”

“ಇತ್ತು, ಮಾವಾರ. ಸ್ವಲ್ಪ.”

“ಹೂಂ,” ಅಂದು ಬಸಿಯಲ್ಲಿದ್ದ ಚಹಾ ಮುಗಿಸಿದರು.