ಅಳಿಯದ ಗೆರೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಗೈಡ್ ಸರ್‌ಗೆ ಹೊರದೇಶದ ಗೆಳೆಯರೊಬ್ಬರು ಕಿರುಬೆರಳಿನಷ್ಟು ಚಿಕ್ಕ ಟ್ಯೂಬ್ ಕಳಿಸಿದ್ದರು. ಅದರಲ್ಲಿದ್ದದ್ದು ಮೊಲದ ರಕ್ತದಿಂದ ತೆಗೆದ ಆಂಟಿಬಾಡಿ. ಗಾಯವಾದ ಕಡೆಗೆ ಬಿಳಿ ರಕ್ತಕಣಗಳನ್ನು ಕರೆಯುವ ರಾಸಾಯನಿಕಕ್ಕೆ ಕೀಮೋಕೈನ್ ಎನ್ನುತ್ತಾರೆ. ಆ ಕರೆ ತಲುಪಿದಾಗ ಕಣದ ಮೇಲಿನ ಗ್ರಾಹಕ ಪ್ರೋಟೀನಿಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ. ಫಾಸ್ಫೇಟ್ ಅಂಟಿದ ಗ್ರಾಹಕವನ್ನಷ್ಟೇ ಈ ಆಂಟಿಬಾಡಿ ಹಿಡಿಯಬೇಕು, ಹಿಡಿದರೆ ಎಕ್ಸ್‌ರೇ ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಬೇಕು.

ಕೀಮೋಕೈನ್ ಹಾಕಿದ ಕಣಗಳಲ್ಲಿ ಗೆರೆ ಬಂತು. ಹಾಕದವುಗಳಲ್ಲಿ ಬರಬಾರದಿತ್ತು, ಅಲ್ಲೂ ಅಷ್ಟೇ ಕಪ್ಪಗೆ ಬಂತು.

"ನಿಮ್ಮಿಬ್ರಲ್ಲಿ ಯಾರೋ ಟ್ಯೂಬ್ ಅದಲು ಬದಲು ಮಾಡೀರಿ," ಎಂದರು ಸರ್. ಹೊರದೇಶದಿಂದ ಬಂದ ಆಂಟಿಬಾಡಿಯ ಮೇಲೆ ಅವರಿಗೆ ಅನುಮಾನವೇ ಬರಲಿಲ್ಲ.

ಇನ್ನೊಬ್ಬರೆಂದರೆ ನನ್ನ ಸೀನಿಯರ್. ದಿನಾ ಹರಿಹರದಿಂದ ರೈಲಿನಲ್ಲಿ ಬರುತ್ತಿದ್ದ. ಪ್ರಯೋಗಕ್ಕೆ ಅವನದೇ ರಕ್ತ. ಸಂಜೆ ರೈಲು ಹಿಡಿಯುವ ಆತುರದಲ್ಲಿ ಅವನೇ ಎಡವಟ್ಟು ಮಾಡಿದ್ದಾನೆಂದು ನನಗೆ ಗುಮಾನಿ. ಅವನಿಗೆ ನನ್ನ ಮೇಲೆ. ಟ್ಯೂಬ್‌ಗಳನ್ನಿಟ್ಟಿದ್ದ ಫ್ರಿಜ್ಜಿಗೆ ಬೀಗ ಹಾಕಿ ಕೀಲಿಯನ್ನು ಹರಿಹರಕ್ಕೇ ಒಯ್ಯತೊಡಗಿದ. ಜೊತೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವುದು ನಿಂತಿತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಅವನ ತಾಯಿಯೇ ಪ್ರಯೋಗಾಲಯಕ್ಕೆ ಬಂದರು.

"ನನ್ನ ಮಗನ ತೋಳು ತುಂಬ ಸೂಜಿ ಗುರ್ತು ಐತೆ. ರಕ್ತ ಮಾರ್ತಾನೋ, ಏನಾರ ಚಟ ಹಿಡಿಸ್ಕೊಂಡಾನೋ? ನಿಜ ಹೇಳವ್ವ."

ನಾನು ತಿಳಿದಷ್ಟು ವಿವರಿಸಿದೆ. ಅವರು ಅರೆಮನಸ್ಸಿನಿಂದ ಕೇಳಿಸಿಕೊಂಡರು. "ಹಂಗಾರೆ ಅವ್ನ ರಕ್ತನೇ ಯಾಕ? ನಿನ್ನ ಮೈಯಾಗ ರಕ್ತ ಇಲ್ಲೇನು?"

"ಸುಮ್ನಿರವ್ವ," ಎಂದ ಸೀನಿಯರ್, ನಾಚಿಕೆಯಿಂದ ಕುಗ್ಗಿ.

ನಾನು ತೋಳು ಚಾಚಿದೆ. ತಾಯಿಯ ಎದುರಿಗೇ ಅವನು ನನ್ನ ರಕ್ತ ತೆಗೆದ.

ಆವತ್ತು ಇಬ್ಬರೂ ಪಕ್ಕಪಕ್ಕ ಕೂತು, ಒಬ್ಬರ ಕೈಯನ್ನು ಇನ್ನೊಬ್ಬರು ನೋಡುತ್ತಲೇ ಕೆಲಸ ಮಾಡಿದೆವು. ಕಣಗಳಿಂದ ತೆಗೆದ ಸಾರದ ಅರ್ಧಕ್ಕೆ ಫಾಸ್ಫೇಟನ್ನು ಕಿತ್ತುಹಾಕುವ ಎಂಜೈಮ್ ಬೆರೆಸಿದೆವು. ಆಂಟಿಬಾಡಿ ನಿಜವಾದದ್ದಾದರೆ ಅಲ್ಲಿ ಗೆರೆ ಅಳಿಯಬೇಕಿತ್ತು. ಪಕ್ಕದ ಆಸ್ಪತ್ರೆಯ ಎಕ್ಸ್‌ರೇ ಕತ್ತಲಕೋಣೆಯಲ್ಲಿ ಫಿಲ್ಮ್ ತೊಳೆದೆವು. ಗೆರೆ ಹಾಗೇ ಇತ್ತು.

"ಎಂಜೈಮ್ ಸತ್ತಿರ್ಬೇಕು," ಎಂದರು ಸರ್.

ಅದನ್ನೂ ಪರೀಕ್ಷಿಸಿದೆವು. ಎಂಜೈಮ್ ಜೀವಂತವಾಗಿದ್ದರೆ ಹಳದಿ ತಿರುಗುವ ದ್ರಾವಣವೊಂದಿತ್ತು. ಒಂದು ತೊಟ್ಟು ಹಾಕಿದ್ದೇ ತಡ, ಅಚ್ಚ ಹಳದಿಯಾಯಿತು.

"ಸರ್, ಎಂಜೈಮ್ ಸರಿ ಐತೆ," ಎಂದ ಸೀನಿಯರ್. "ಆ ಆಂಟಿಬಾಡಿನೇ ಬೇರೆ ಏನೋ ಹಿಡೀತೈತೆ."

ಸರ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, ಈ ಆಂಟಿಬಾಡಿಯನ್ನು ನಂಬಿ ಸಮ್ಮೇಳನದಲ್ಲಿ ಓದಲು ಒಪ್ಪಿಕೊಂಡಿದ್ದ ಪ್ರಬಂಧವನ್ನು ವಾಪಸ್ ತೆಗೆದುಕೊಳ್ಳುವುದಾಗಿ ಹೇಳಿದರು. ನಮ್ಮ ಕಡೆ ತಿರುಗಿ, "ನಿಮ್ಮನ್ನ ಸುಮ್ನೆ ಅಂದುಬಿಟ್ಟೆ," ಎಂದು ದನಿ ತಗ್ಗಿಸಿದರು.

ಕೆಲವು ತಿಂಗಳ ನಂತರ ಆ ಗೆಳೆಯರಿಂದ ಹೊಸ ಆಂಟಿಬಾಡಿಯ ಇನ್ನೊಂದು ಟ್ಯೂಬ್ ಬಂತು. ಈ ಸಲ ಕೀಮೋಕೈನ್ ಹಾಕಿದ ಕಡೆ ಮಾತ್ರ ಗೆರೆ ಮೂಡಿ, ಎಂಜೈಮ್ ಹಾಕಿದ ಕಡೆ ಪೂರ್ತಿ ಅಳಿದಿತ್ತು. ನಾನು ಖುಷಿಯಿಂದ ಕೂಗಿಯೇಬಿಟ್ಟೆ. ಸೀನಿಯರ್ ಮಾತ್ರ ಫಿಲ್ಮನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ನೊಂದ್ಸಲ ಮಾಡೋಣ," ಎಂದ.