ಹಿಂದಿನ ಗಾಲಿ ಅಗಲಾದ ಮ್ಯಾಲ

ನನ್ನ ಹಿಂಬದಿ ಅಗಲಾದಾಗ ನಮ್ಮೂರ ಮುಚ್ಚಂಡ್ಯಾಗ ಯಾರೂ ಪೇಡಾ ಹಂಚಲಿಲ್ಲ. ಮೊಮ್ಮಗಳು ಸುವರ್ಣಾನ ಗಾಡಿದು ಅಗಲಾದ ದಿನ ಮಾತ್ರ ಜತ್ತದಿಂದ ಪೇಡಾದ ಡಬ್ಬಿ ಬಂತು, ಓಣಿ ತುಂಬ ಹಂಚಿದ್ರು, ಆ ಹಿಂಬದಿದು ಎಡಕ ನಿಂತು ಒಂದು, ಬಲಕ ನಿಂತು ಒಂದು ಫೋಟೋ ತಗದ್ರು. ನನ್ನದು ಹಡದು, ಎಮ್ಮಿ ಹಿಂಡಿ, ಒಲಿ ಮುಂದ ಕುಂತ ರೊಟ್ಟಿ ಬಡದು ವರ್ಷಾನುಗಟ್ಟಲೆ ದುಡದು ಸಂಪಾದಿಸಿದ್ದು. ಅದರದು ಒಂದ ಮುಂಜಾನ್ಯಾಗ ಗ್ಯಾರೇಜಿನ್ಯಾಗ ಹಾಕಿಸಿದ್ದು. ಪುರಾಣ ಹೇಳೂ ಶಾಸ್ತ್ರಿಗಳು ಪೃಷ್ಠಭಾಗ ಅಂತಾರಲ್ರಿ, ಅಂಥಾ ಘನವಾದ ಹೆಸರು ಗಾಡಿಗಿ ಒಪ್ಪತೈತಿ, ನನಗ ಒಪ್ಪಂಗಿಲ್ಲ. ಫೋನಿನ್ಯಾಗ ಬರಿಯಾಕ ಮೊನ್ನಿ ಮೊನ್ನಿ ಕಲ್ತಾಕಿ ನಾನು. ಮೊದಲ ಬರದದ್ದ ಇಂಥಾದ್ದು ಅಂತ ಸೊಸಿ ನೀಲವ್ವ ಮೂಗ ಮುರದಾಳ. ನೀವೂ ಮುರೀರಿ, ಆದ್ರ ಓದಿ ಮುಗಿಸಿ ಮುರೀರಿ.

ಸುವರ್ಣಾ ನನ್ನ ಮಗ ಶಿವಪ್ಪಂದು, ಈ ನೀಲವ್ವಂದು ಮಗಳು. ಒಣದ್ರಾಕ್ಷಿ ದಲಾಲಿ ಮಾಡ್ತಾಳ. ಅದರಾಗ ಗಳಿಸಿದ್ದರಾಗ ಪುಣೆದಿಂದ ಒಂದು ಓಟದ ಗಾಡಿ ತಂದಾಳ. ನಾಲ್ಕ ಬಾಗಲದ್ದು, ಕೆಂಪನ್ನದು, ನೆಲಾ ಮೂಸಿಕೋತ ಹೋಗತೈತಿ. ಅದರ ಎಂಜಿನ್ ಮುಂದ ಇದ್ರೂ ದೂಡಾವು ಹಿಂದಿನ ಗಾಲಿ. ಇಕಿ ಜೋರ ಒತ್ತಿದ್ರ ಆ ಗಾಲಿ ನೆಲಾ ಹಿಡೀಲಾರದ ಜಾರಿ, ಗಾಡಿ ತನ್ನ ಬಾಲಾ ಅಡ್ಡ ಒಗೀತಿತ್ತಂತ. ಅದಕ ಹಿಂದ ಅಗಲ ರಿಮ್ಮು, ಅಗಲ ಟಾಯರು. ಈ ವಿದ್ಯಾ ನನಗ ಲಗೂನ ತಿಳೀತು. ಕೆಸರ ಹೊಲದಾಗ ಬುಟ್ಟಿ ಹೊತ್ತು ನಡಿಯೂ ಮುಂದ ಅಗಲ ಪಾದದಾಕಿ ಗಟ್ಟಿ ನಿಲ್ತಾಳ, ನಾಜೂಕ ಪಾದದಾಕಿ ಬುಟ್ಟಿ ಸಮೇತ ಕುಂಡಿ ಊರ್ತಾಳ.

ಶಿವಪ್ಪಗ ಮಾತ್ರ ಆ ಗಾಡಿ ಕಣ್ಣಾಗಿನ ಕಸ. ಲಗ್ನಾಗೂ ಹುಡುಗಿ ಇಂಥಾ ಗುರ್ರ್ ಅನ್ನೂ ಗಾಡ್ಯಾಗ ಬಂದಿಳದ್ರ ನೋಡಾಕ ಬಂದ ಬೀಗರು ಚಾ ಅರ್ಧಕ್ಕ ಬಿಟ್ಟ ಏಳ್ತಾರ ಅನ್ನೂದು ಅವನ ಚಿಂತಿ. ಅಷ್ಟರಾಗ ಸುವರ್ಣಾನ ತಮ್ಮಗ ಮಗಳು ಹುಟ್ಟಿದ್ಲು. ಕೂಸಿನ ತಾಯಿ ತವರಮನಿ ಸೊರಡಿ, ಹೆಸರಿಡೂದು ಅಲ್ಲೇ, ತಮ್ಮ ಆಗಲೇ ಅಲ್ಲಿಗಿ ಹೋಗಿದ್ದ. ನಮ್ಮ ಕಡೆ ಹೆಸರಿಡಾಕಿ ಸೋದರತ್ತಿ, ಅಂದ್ರ ಸುವರ್ಣಾನ ಆಗಬೇಕು. ಇದ ಚಲೋ ಸಂಧಿ ಅಂತ ಶಿವಪ್ಪ ಒಂದು ಕರಾರ ಹಾಕಿದ.

"ಮನಿ ಮಂದೀನ ಎಲ್ಲಾರ್ನೂ ನಿನ್ನ ಗಾಡ್ಯಾಗ ಸೊರಡಿಗಿ ಕರಕೊಂಡ ಹೋಗಿ ಬಾ. ಆತಂದ್ರ ಗಾಡಿ ಇರ್ಲಿ. ಇಲ್ಲಂದ್ರ ಐತವಾರ ಗಿರಾಕಿ ಕರಸ್ತೀನಿ, ಮಾರಿಬಿಡೂದು."

"ಆತಪ್ಪಾ," ಅಂದ್ಲು ಸುವರ್ಣಾ. "ಆದ್ರ ನಡುವ ಯಾರರೆ ಬಸ್ ಹತ್ತಿದ್ರ ನಾ ಸೋತಂಗ. ಅಷ್ಟ ಖರೆ ಮಾತು."

ಗಾಡಿ ಅಕಿದು, ರೊಕ್ಕ ಅಕಿದು, ಆದ್ರೂ ಅಪ್ಪಗ ಮಾತ ಕೊಟ್ಲು. ಇಂಥಾ ಹೆಣ್ಣಮಕ್ಕಳ ಸಂಬಂಧ ನನಗ ಭಾಳ ಸಿಟ್ಟು ಬರತೈತಿ, ಅಷ್ಟ ಹೆಮ್ಮಿನೂ ಆಗತೈತಿ.

ಗ್ಯಾರೇಜಿನ ಮಕಬೂಲ ಗಾಲಿ ಜೋಡಿಸಿದ ಮ್ಯಾಲ ಟಾಯರಿಗೂ ಮಡ್ಗಾರ್ಡಿಗೂ ನಡುವ ತನ್ನ ಬಟ್ಟ, ಅಂದ್ರ ಬೆರಳು, ತೂರಿಸಿ ತೋರಿಸಿದ್ದ. "ಬಟ್ಟ ಹೋಗತೈತ್ರಿ ಆಯಿ, ಬೇಫಿಕರ್ ಇರ್ರಿ." ನಮ್ಮ ಸೀಮಿದು ಇದೊಂದು ರೂಢಿ, ಅನ್ನಕ್ಕ ನೀರೂ ಬಟ್ಟಿಲೆ, ಬೀಜ ಬಿತ್ತೂ ಆಳಾನೂ ಬಟ್ಟಿಲೆ, ಗಾಡಿನೂ ಬಟ್ಟಿಲೆ. ಮಕಬೂಲನ ಬಟ್ಟಂದ್ರ ಎಳೇ ಬೆಂಡಿಕಾಯಿ. ರೊಟ್ಟಿ ಬಡದ ನನ್ನ ಬಟ್ಟ ಆ ಸಂದಿನ್ಯಾಗ ಉಗುರಿಗೇ ನಿಂತಿತ್ತು. ಅದನ್ನ ಹೇಳಿದ್ರ ಅಪ್ಪ ಮಗಳು ಇಬ್ರೂ ನಕ್ರು. ಮ್ಯಾಲ ಅವ ಅಳದದ್ದು ಖಾಲಿ ಗಾಡಿ, ಮೇವ ತಿನ್ನೂ ಮುಂಚೆ ಎಮ್ಮಿ ಹೊಟ್ಟಿ ಅಳದಂಗ.

ಹೊಂಟ್ವಿ. ಮುಂದ ಸುವರ್ಣಾ ನಡಸಾಕ, ಅಕಿ ಬಾಜೂಕ ಶಿವಪ್ಪ. ಹಿಂದ ನಾನು, ನೀಲವ್ವ, ನಮ್ಮಿಬ್ಬರ ನಡುವ ರೊಟ್ಟಿ ಬುಟ್ಟಿ. ಡಿಕ್ಕಿಯೊಳಗ ಸಾಗವಾನಿ ತೊಟ್ಟಿಲು. ಮೊದಲನೇ ಬ್ರೇಕರ್ ಬಂತು. ಗಾಡಿ ಉಬ್ಬು ಏರಿ ಇಳದದ್ದ ತಡ, ನಮ್ಮ ಕೆಳಗ ಕರಕರ ಅಂತ ಹಲ್ಲ ಕಡದಂಗಾತು, ಸುಟ್ಟ ವಾಸನಿ ಬಂತು.

"ಅತ್ತಿ, ನಾ ಒಲಿ ಆರಿಸಿ ಬಂದೀನೋ ಇಲ್ಲೋ?" ಅಂದ್ಲು ನೀಲವ್ವ. ಬೆಳುಂಕಿ ಮನಿತನದಾಕಿ, ಯಾವ ವಾಸನಿ ಬಂದ್ರೂ ಮೊದಲ ತನ್ನ ಅಡಗಿಮನಿ ನೆನಸ್ತಾಳ.

ಸುವರ್ಣಾ ಇಳದು ಬಗ್ಗಿ ನೋಡಿದ್ಲು. ಮಡ್ಗಾರ್ಡಿನ ಅಂಚು ಟಾಯರಿನ ಮೈ ತರಚಿತ್ತು. "ಹಿಂದ ತೂಕ ಆಗೇತಿ," ಅಂದ್ಲು ಸಣ್ಣ ದನೀಲೆ. ತೂಕ ಅಂದ್ರ ಯಾರು ಅಂತ ಯಾರೂ ಕೇಳ್ಲಿಲ್ಲ. ಮೂರೂ ಮಂದಿ ನನ್ನ ನೋಡಿದ್ರು. ನೀಲವ್ವನ ಮಾರಿ ಮ್ಯಾಲ ಒಂದು ನೆಮ್ಮದಿ ಬಂತು, ಅದನ್ನ ನಾ ಇನ್ನೂ ಮರತಿಲ್ಲ.

ಶಿವಪ್ಪ ಆಗಲೇ ಫೋನ್ ತಗದಿದ್ದ. "ಗಿರಾಕಿಗಿ ಹೇಳೇ ಬಿಡ್ತೀನಿ. ನೀವು ಬಸ್ಸಿಗಿ ಬರ್ರಿ."

"ಬಸ್ ಹತ್ತಬಾರದು ಅಂತ ಕರಾರು," ಅಂದ್ನಿ. "ನಡೀಬಾರದು ಅಂತ ಅಕಿ ಎಲ್ಲಿ ಅಂದಾಳೋ? ನೀಲವ್ವಾ, ಇಳಿ."

ಅಲ್ಲಿಂದ ಮುಂದ ಅದ ಪದ್ಧತಿ ಆತು. ಬ್ರೇಕರ್ ಬಂತಂದ್ರ ಅತ್ತಿ ಸೊಸಿ ಇಳಿಯೂದು, ಉಬ್ಬು ದಾಟಿ ನಡಿಯೂದು, ಹಗೂರಾದ ಗಾಡಿ ನಮ್ಮ ಹಿಂದ ಮೆಲ್ಲಕ ದಾಟೂದು, ಮತ್ತ ಹತ್ತೂದು. ನಮ್ಮ ಕಡೆ ಬ್ರೇಕರಿಗಿ ಬರಾ ಇಲ್ರಿ. ಗುಡಿ ಮುಂದೊಂದು, ಸಾಲಿ ಮುಂದೊಂದು, ಪ್ರತಿ ಪುಢಾರಿ ಮನಿ ಮುಂದ ಅವನ ಹೊಟ್ಟಿ ಅಳತಿದು ಒಂದು. ಅಷ್ಟ ತಗ್ಗಿನ ಗಾಡಿಯೊಳಗಿಂದ ಏಳೂ ಮುಂದ ಚಪ್ಪಲಿ ಎಲ್ಲೋ ಸಿಕ್ಕೊಂಡ್ವು, ಬರಿಗಾಲ್ಲೇ ನಡದ್ವಿ.

ಒಂದು ವಸ್ತಿ ಹತ್ರ ನಳದ ಮುಂದ ಹೆಂಗಸರು ನಿಂತಿದ್ರು. ಅವರು ಕಂಡದ್ದು ಏನಂದ್ರ, ಬರಿಗಾಲಿನ ಇಬ್ರು ಹೆಣ್ಣಮಕ್ಕಳು ಮುಂದ, ಲಿಂಬಿಹಣ್ಣು ಕಟ್ಟಿದ ಕೆಂಪ ಗಾಡಿ ಹಿಂದ ಹಿಂದ. ನಮ್ಮ ಕಡೆ ಪಾಲಕಿ ಮುಂದ ಹರಕಿ ಹೊತ್ತು ಬರಿಗಾಲ್ಲೆ ನಡಿಯಾವ್ರ ಪಾದಕ್ಕ ನೀರ ಹಾಕೂದು ಪುಣ್ಯ. ನನ್ನಕಿಂತ ಹಿರಿಯಾಕಿ ಒಬ್ಬಾಕಿ ಕೊಡ ತಂದು ನಮ್ಮ ಕಾಲಿಗಿ ಸುರುವಿದ್ಲು. ಆಮ್ಯಾಲ ಪಾಲಕಿನ ಯಾಕ ಬಿಡೂದು ಅಂತ ಹಿಂದಿನ ಗಾಲಿಗೂ ಸುರುವಿದ್ಲು. ತಿಕ್ಕಿ ತಿಕ್ಕಿ ಕಾದ ಟಾಯರಿನಿಂದ ಚುಂಯ್ ಅಂತ ಹೊಗಿ ಎದ್ದಿತು. ಉಳದಾವ್ರು ಕೈ ಮುಗದ್ರು.

"ಏನ್ ಹರಕಿ ತಂಗೀ?" ಅಂತ ಕೇಳಿದ್ಲು.

ನಾ ಶಿವಪ್ಪನ ಕಡೆ ನೋಡಿದ್ನಿ. ಅವ ಕಿಡಕಿ ಗಾಜ ಏರಿಸಾಕ ಹೊಂಟಿದ್ದ.

"ಈ ಗಾಡಿ ನಮ್ಮ ಮನಿ ಬಿಟ್ಟ ಹೋಗಬಾರದು ಅಂತ ಬೇಡಕೊಂಡೀವಕ್ಕಾ," ಅಂದ್ನಿ. ಸುಳ್ಳೇನಲ್ಲ, ಬೇಡಕೊಂಡದ್ದು ಖರೆ, ಯಾವ ದೇವ್ರಿಗಿ ಅನ್ನೂದಷ್ಟ ಇನ್ನೂ ಗೊತ್ತ ಮಾಡಿರಲಿಲ್ಲ.

ಆಕಿ ಕಿಡಕ್ಯಾಗ ಕೈ ಹಾಕಿ ಶಿವಪ್ಪನ ಹಣಿಗಿ ಕುಂಕುಮ ಒತ್ತಿದ್ಲು. "ಹೋಗಂಗಿಲ್ಲ ತಗೋ ತಮ್ಮಾ. ಇಂಥಾ ತಾಯಿ ಈ ವಯಸ್ಸಿನ್ಯಾಗ ನಡದಾಳಂದ್ರ ಹೆಂಗ ಹೋಗತೈತಿ? ಹೌದಿಲ್ಲೊ?"

"ಹೌದ್ರಿ," ಅಂದ ಶಿವಪ್ಪ. ನೀಲವ್ವ ಸೆರಗ ಬಾಯಿಗಿ ಹಿಡಕೊಂಡು ಕೆಮ್ಮಾಕ ಹತ್ತಿದ್ಲು.

ಸೊರಡಿ ಮುಟ್ಟೂದ್ರಾಗ ಕೂಸು ಅತ್ತು ಅತ್ತು ಮಲಗಿತ್ತು. ಸುವರ್ಣಾ ತೊಟ್ಟಿಲದಾಗ ಬಗ್ಗಿ ಕಿವಿಯೊಳಗ ಕುರ್ರ್ ಅಂದು ಹೆಸರ ಹೇಳಿದ್ಲು. ಸುತ್ತ ನಿಂತ ಹೆಂಗಸರು ಪದ್ಧತಿ ಪ್ರಕಾರ ಅಕಿ ಬೆನ್ನಿಗಿ ಧಪಧಪ ಗುದ್ದಿದ್ರು. ನಾ ಒಂದ ಮೂಲ್ಯಾಗ ಕಾಲ ಚಾಚಿ ಕುಂತು ವಿಚಾರ ಮಾಡಿದ್ನಿ. ಅಗಲಾಗೂದೇನ್ ದೊಡ್ಡ ಮಾತಲ್ರಿ. ಸುತ್ತಲಿದ್ದಾವ್ರು ಒಂದೀಟ ಸರದು ಕೊಡಬೇಕು, ಅದ ದೊಡ್ಡದು. ನಾ ಅಗಲಾದಂಗ ನಮ್ಮನಿಯವ್ರು ಬಾಯಿ ಬಿಡಲಾರದ ಹೊರಸಿನ ಅಂಚಿಗಿ ಅಂಚಿಗಿ ಸರೀತಾ ಹೋದ್ರು, ಒಂದಿನ ಕೆಳಗೂ ಬಿದ್ರು. ಮಡ್ಗಾರ್ಡಿನ ಅಂಚ ಮಡಚಿದ್ರ ಟಾಯರಿಗಿ ಜಾಗಾ ಆಗತೈತಂತ, ಮಕಬೂಲ ಫೋನಿನ್ಯಾಗ ಈಗ ಹೇಳ್ದ. ಅಪ್ಪಂದಿರ ಅಂಚ ಮಡಚೂ ಗ್ಯಾರೇಜು ಜತ್ತದಾಗ ಇನ್ನೂ ತಗದಿಲ್ಲ.

ಸಂಜಿಮುಂದ ತಿರುಗಿ ಹೊಂಟ್ವಿ. ತೊಟ್ಟಿಲಾ ಅಲ್ಲೇ ಬಿಟ್ಟಿದ್ವಿ, ರೊಟ್ಟಿ ಬುಟ್ಟಿ ಖಾಲಿ. ಶಿವಪ್ಪ ದಾರಿ ನೋಡಿಕೋತ ಕುಂತಿದ್ದ. ಐತವಾರದ ಗಿರಾಕಿ ಸುದ್ದಿ ತಗೀಲಿಲ್ಲ. ಮೊದಲನೇ ಬ್ರೇಕರ್ ಬಂದಾಗ ನಾ ಮೊಣಕಾಲ ಹಿಡಕೊಂಡು ಏಳಾಕ ಹೊಂಟಿದ್ನಿ, ನನ್ನಕಿಂತ ಮೊದಲ ಮುಂದಿನ ಬಾಗಲಾ ತಗೀತು. ಶಿವಪ್ಪ ಚಪ್ಪಲಿ ಗಾಡ್ಯಾಗ ಬಿಟ್ಟ, ಧೋತರದ ಚುಂಗ ಹಿಡದ, ಬರಿಗಾಲ್ಲೆ ಉಬ್ಬು ಏರಿ ನಡದ. "ನೀ ಕುಂದರಬೇ ಯವ್ವಾ, ನಿನ್ನ ಪಾಳಿ ಮುಗೀತು," ಅಂದ ತಿರುಗಿ ನೋಡಲಾರದ.

ಮುಂದಿನ ಸೀಟಿನ ತೂಕಕ್ಕೂ ಹಿಂದಿನ ಗಾಲಿಗೂ ಸಂಬಂಧಿಲ್ಲ ಅಂತ ಹೇಳಾಕ ಸುವರ್ಣಾ ಬಾಯಿ ತಗದ್ಲು. ನಾ ಹಿಂದಿನಿಂದ ಅಕಿ ಭುಜಾ ಚಿವುಟಿದ್ನಿ, ಕರಕರ ಅನ್ನಿಸಿಕೋತ ಅವನ ಹಿಂದ ಮೆಲ್ಲಕ ಹೊಂಟ್ವಿ.